ಧರೆ ಇರೋ ಜಾಗದ ಸರ್ವೆನ ಸಿವಿಲ್ ತ್ರೀಡಿಯಲ್ಲಿ ಎಳೆಯೋದು ಹೇಗೆ

ಶಿರಸಿ ಕಡೆ ಜಾಗ ಅಂದ್ರೆ ಮೇಲೆ ಬೆಟ್ಟ, ನಡುವೆ ಧರೆ (ಕಡಿದಾದ ಮಣ್ಣಿನ ಗೋಡೆ), ಕೆಳಗೆ ಅಡಿಕೆ ತೋಟ, ಹಾಗಾಗಿ ಸಿವಿಲ್ ತ್ರೀಡಿ ಅನ್ನೋ ನಕ್ಷೆ ಸಾಫ್ಟ್‌ವೇರಲ್ಲಿ ಬರೀ ಪಾಯಿಂಟ್ ಹಾಕಿ ಕಾಂಟೂರ್ (ಒಂದೇ ಎತ್ತರದ ಜಾಗ ಸೇರಿಸೋ ಗೆರೆ) ತೆಗೆದ್ರೆ ಕಡಿದಾದ ಧರೆ ನುಣ್ಣಗಿನ ಇಳಿಜಾರಿನ ಥರ ಬಂದ್ಬಿಡತ್ತೆ.

ಮೊದ್ಲು ಟೋಟಲ್ ಸ್ಟೇಷನ್ (ಸರ್ವೆ ಯಂತ್ರ) ಕೊಟ್ಟ ಫೈಲಲ್ಲಿ ಕಾಲಂ ಆರ್ಡರ್ ನೋಡ್ಕಳಿ, ನಾರ್ತಿಂಗ್ (ಉತ್ತರದ ಕಡೆ ಅಳತೆ), ಈಸ್ಟಿಂಗ್ (ಪೂರ್ವದ ಕಡೆ ಅಳತೆ) ಅದಲು ಬದಲಾದ್ರೆ ನಕ್ಷೆ ಕನ್ನಡಿಯಲ್ಲಿ ಕಂಡಂಗೆ ಉಲ್ಟಾ ಆಗತ್ತೆ. ಜಿಪಿಎಸ್ ಡೇಟಾ ಯುಟಿಎಂನಲ್ಲಿದ್ರೆ (ಭೂಮಿನ ಝೋನ್‌ಗಳಾಗಿ ಹಂಚಿ ಮೀಟರಲ್ಲಿ ಜಾಗ ಹೇಳೋ ಪದ್ಧತಿ) ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಝೋನ್ 43 ನಾರ್ತ್.

ಇನ್ನು ಲೈನ್, ಇಲ್ಲೇ ಜಾಸ್ತಿ ಗಮನ ಬೇಕು. ಮಾಮೂಲಿ ಪಾಲಿಲೈನ್‌ಗೆ (ಪಾಯಿಂಟ್‌ಗಳನ್ನ ಸೇರಿಸೋ ಮುರುಕು ಗೆರೆ) ಉದ್ದಕ್ಕೂ ಒಂದೇ ಎತ್ತರ, ಶುರು ಮಾಡಿದ ಪಾಯಿಂಟ್ 586.40 ಇದ್ರೆ ಮುಂದಿನದು 583.15 ಇದ್ರೂ ಅದು 586.40 ಅಂತಲೇ ಹಿಡ್ಕೊಳತ್ತೆ, ಮೇಲಿಂದ ನೋಡಿದ್ರೆ ಗೊತ್ತೂ ಆಗಲ್ಲ. ಅದಕ್ಕೆ ತ್ರೀಡಿ ಪಾಲಿಲೈನೇ ತಗೊಳಿ, ನೋಡ್ ಸ್ನ್ಯಾಪ್ (ಗೆರೆ ಸರಿಯಾಗಿ ಪಾಯಿಂಟಿಗೇ ಅಂಟೋ ಸೆಟ್ಟಿಂಗ್) ಆನ್ ಇರ್ಲಿ, ಓಸ್ನ್ಯಾಪ್‌ಝಡ್ (OSNAPZ) ಸೆಟ್ಟಿಂಗ್ ಬೆಲೆ 0 ಇರ್ಲಿ, ಆಗ ಪಾಯಿಂಟಿನ ಎತ್ತರವೇ ಬರತ್ತೆ, ಧರೆಯ ಮೇಲಂಚಿಗೆ ಒಂದು ಲೈನ್, ಬುಡಕ್ಕೆ ಇನ್ನೊಂದು ಬೇರೆ ಲೈನ್. ಬಸಿಗಾಲುವೆ, ಅಗಳಕ್ಕೂ (ಬೇಲಿ ಬದಲು ತೋಡಿದ ಕಂದಕ) ಹಿಂಗೇ, ಎರಡೂ ಅಂಚು ಮತ್ತೆ ತಳ.

ಸರ್ಫೇಸ್ ಅಂದ್ರೆ ಪಾಯಿಂಟ್‌ಗಳನ್ನ ತ್ರಿಕೋನಗಳಾಗಿ ಸೇರಿಸಿ ಮಾಡಿದ ನೆಲದ ಮಾದರಿ; ಆಮೇಲೆ ಇವನ್ನ ಅದರ ಡೆಫಿನಿಷನ್‌ನಲ್ಲಿ ಸ್ಟ್ಯಾಂಡರ್ಡ್ ಬ್ರೇಕ್‌ಲೈನ್ (ನೆಲದ ಇಳಿಜಾರು ಮುರಿಯೋ ಗೆರೆ) ಆಗಿ ಸೇರಿಸಿ, ಆಗ ತ್ರಿಕೋನಗಳು ಲೈನ್ ದಾಟಿ ಹೋಗಲ್ಲ. ಬ್ರೇಕ್‌ಲೈನ್ ಒಂದನ್ನೊಂದು ಕತ್ತರಿಸಬಾರದು. ಚಿರೇಕಲ್ಲಿನ ಗೋಡೆ ನೆಟ್ಟಗೆ ಇದ್ರೂ ಮೇಲಿನ ಲೈನ್, ಕೆಳಗಿನ ಲೈನ್ ಮಧ್ಯ ಒಂದು ಸೆಂಟಿಮೀಟರ್ ಆದ್ರೂ ಬಿಡಿ, ಒಂದೇ ಜಾಗದಲ್ಲಿ ಎರಡು ಎತ್ತರ ಸರ್ಫೇಸ್ ತಗೊಳಲ್ಲ.

ಬಾವಿಕಟ್ಟೆ, ಕರೆಂಟ್ ಕಂಬದ ತುದಿ ಇಂಥ ಪಾಯಿಂಟ್‌ಗಳನ್ನ ಬೇರೆ ಗ್ರೂಪಿಗೆ ಹಾಕಿ, ಸರ್ಫೇಸಿಗೆ ಬೇಡ. ಕೊನೆಗೆ ಆಬ್ಜೆಕ್ಟ್ ವ್ಯೂವರ್‌ನಲ್ಲಿ ತಿರುಗಿಸಿ ನೋಡಿ, ಎಲ್ಲಾದ್ರೂ ಆಳಕ್ಕೆ ಮೊಳೆ ಹೊಡೆದಂಗೆ ಕಂಡ್ರೆ ಅಲ್ಲೊಂದು ಸೊನ್ನೆ ಎತ್ತರದ ಪಾಯಿಂಟ್ ಕೂತಿರತ್ತೆ, ಫೀಲ್ಡ್ ಪುಸ್ತಕ ತೆಗೆದು ಸರಿ ಮಾಡಿ.