ಫೂಚುನ್ ಬೆಟ್ಟಗಳಿಗೆ ಚಲನೆ ಬಂದದ್ದು ಹೀಗೆ

ಚೀನಾದ ಹಾಂಗ್‌ಝೌಗೆ ಕೆಲಸಕ್ಕೆ ಬಂದು ಐದು ವರ್ಷವಾಯಿತು. ಚಿತ್ರಕಾರ ಹುವಾಂಗ್ ಗೊಂಗ್‌ವಾಂಗ್ 1350ರ ಸುಮಾರಿಗೆ ಮುಗಿಸಿದ, ಮಸಿ ಮತ್ತು ನೀರಿನಲ್ಲಿ ಬರೆದ ಫೂಚುನ್ ಬೆಟ್ಟಗಳ ಸುರುಳಿಚಿತ್ರ 1650ರಲ್ಲಿ ಬೆಂಕಿಗೆ ಸಿಕ್ಕಿ ಎರಡಾಯಿತಲ್ಲ, ಅದರ ಚಿಕ್ಕ ತುಂಡು ಇಲ್ಲೇ ಮ್ಯೂಸಿಯಂನಲ್ಲಿದೆ, ಉದ್ದದ್ದು ತೈಪೆಯಲ್ಲಿ. ಅದೇ ಫೂಚುನ್ ನದಿಯ ದಂಡೆಯ ಅತಿಥಿಗೃಹವೊಂದರ ಗೋಡೆಗೆ ಆ ಬಗೆಯ ಮಸಿಬೆಟ್ಟಗಳ ಎರಡೂವರೆ ನಿಮಿಷದ ಆನಿಮೇಷನ್ ಒಪ್ಪಿಕೊಂಡಾಗ ಜೊತೆಯವರೆಲ್ಲ ಬೇಡ ಅಂದರು. ನನಗೆ ಕುಂಚ ಹಿಡಿಯಲು ಕಲಿಸಿದ ಮೇಷ್ಟ್ರೂ "ಸ್ಕ್ರೀನಿನಲ್ಲಿ ನೀರೆಲ್ಲಿದೆ?" ಎಂದರು. ಈಗ ಅದು ಗೋಡೆಯ ಮೇಲೆ ಓಡುತ್ತಿದೆ.

ಮೊದಲ ನಾಲ್ಕು ತಿಂಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಬೆಟ್ಟ ಕಟ್ಟಿ, ಮೇಲೆ ಸೆಣಬಿನ ಎಳೆಯಂಥ ಗೆರೆಗಳನ್ನು ಶೇಡರ್‌ನಿಂದ, ಅಂದರೆ ಮೇಲ್ಮೈಗೆ ಬಣ್ಣ ಕೊಡುವ ಪ್ರೋಗ್ರಾಮ್‌ನಿಂದ, ಹಾಕಿದೆ. ನಿಂತ ಚಿತ್ರ ಚೆನ್ನಾಗಿಯೇ ಇತ್ತು. ಕ್ಯಾಮೆರಾ ಸರಿದದ್ದೇ ತಡ, ಗೆರೆಗಳೆಲ್ಲ ಬೆಟ್ಟದ ಮೈಮೇಲೆ ಇರುವೆ ಸಾಲಿನಂತೆ ಹರಿದಾಡಿದವು. ಬೆಟ್ಟಕ್ಕೆ ಅಂಟಿಸಿದರೆ ಹತ್ತಿರ ಹೋದಾಗ ರಬ್ಬರಿನಂತೆ ಹಿಗ್ಗಿದವು. ಆಮೇಲೆ ಸ್ಕ್ಯಾನ್ ಮಾಡಿದ ಚಿತ್ರವನ್ನು ಕತ್ತರಿಸಿ ಪದರಗಳಾಗಿ ನಿಲ್ಲಿಸಿದೆ. ರಟ್ಟಿನ ಬೆಟ್ಟ! ಬಾಡಿಗೆ ಮೆಷಿನ್‌ಗಳ ರೆಂಡರ್‌ಗೇ ಆರೇಳು ಸಾವಿರ ಯುವಾನ್ ಹೋಯಿತು. ಮುಂಗಡ ಬಂದದ್ದು ಹತ್ತು ಸಾವಿರ.

ದಾರಿ ಸಿಕ್ಕಿದ್ದು ಕೆಟ್ಟ ಹಾಳೆಯೊಂದರಿಂದ. ಪಟಿಕ ಹಾಕದ, ಮಸಿ ಹೀರುವ ಶುವಾನ್ ಎಂಬ ಚೀನೀ ಚಿತ್ರಕಾಗದದ ಮೇಲೆ ಕುಂಚದಿಂದ ಹನಿ ಬಿತ್ತು. ನಡುವೆ ಕಪ್ಪು ಹಾಗೇ ನಿಂತಿತು. ಸುತ್ತ ಬೂದುಬಣ್ಣ ನಾರು ಹಿಡಿದು ಸಣ್ಣ ಸಣ್ಣ ಹಲ್ಲು ಮೂಡಿಸುತ್ತಾ ಹರಡಿತು. ಕೊನೆಗೆ ಬರಿಯ ನೀರು ಮಸಿಯನ್ನು ಹಿಂದೆ ಬಿಟ್ಟು ಒಂದು ಬೆರಳಗಲ ಮುಂದೆ ಹೋಗಿ ನಿಂತಿತು. ಎಲ್ಲ ಸೇರಿ ಮುಕ್ಕಾಲು ನಿಮಿಷ. ನಾನು ನಾಲ್ಕು ತಿಂಗಳು ಹುಡುಕಿದ ಚಲನೆ ಅಷ್ಟರಲ್ಲೇ ಇತ್ತು.

ಮಾರನೇ ದಿನವೇ ಹಾಲುಗಾಜಿನ ಮೇಲೆ ಹಾಳೆ, ಕೆಳಗಿನಿಂದ ದೀಪ, ಮೇಲಿನಿಂದ ಕ್ಯಾಮೆರಾ. ಒಂದೊಂದು ಬೆಟ್ಟಕ್ಕೂ ತೆಳುಮಸಿ ಹರಿಸಿ ವಿಡಿಯೋ ತೆಗೆದೆ. ವಿಡಿಯೋ ಪದರಗಳನ್ನು ಜೋಡಿಸುವ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಆ ವಿಡಿಯೋ ಲೂಮಾ ಮ್ಯಾಟ್, ಅಂದರೆ ಮಸಿ ಹರಡಿದಷ್ಟೇ ಅಡಿಯ ಚಿತ್ರ ತೋರಿಸುವ ಮುಸುಕು. ಅದರಡಿ ಕೈಯಲ್ಲೇ ಬರೆದು ಸ್ಕ್ಯಾನ್ ಮಾಡಿದ ಒಣಗೆರೆ. ಗೆರೆ ಕದಲುವುದೇ ಇಲ್ಲ, ನೀರು ಬಂದಂತೆ ಬೆಟ್ಟ ಕಾಣಿಸಿಕೊಳ್ಳುತ್ತದೆ. ಒದ್ದೆ ಹಾಳೆ ಸುಕ್ಕಾಗಿ ಮಿನುಗುವ ಕಾಟ ಕೆಳದೀಪದಿಂದ ಅರ್ಧ ಹೋಯಿತು. ಉಳಿದರ್ಧ ಹೇಗೆ ಹೋಯಿತೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ನೂರು ಹಾಳೆಯ ಕಟ್ಟಿಗೆ ಎಂಟುನೂರು ಯುವಾನ್ ಆಸುಪಾಸು, ಮೂರು ಕಟ್ಟು ಮುಗಿಸಿದೆ. ಬಳಕೆಗೆ ಬಂದದ್ದು ನಲವತ್ತು ಹಾಳೆ ಇರಬಹುದು.

ದೂರದ್ದನ್ನು ಚಿಕ್ಕದಾಗಿ ತೋರಿಸುವ ಪರ್ಸ್‌ಪೆಕ್ಟಿವ್ ಕ್ಯಾಮೆರಾವನ್ನೂ ಬಿಟ್ಟೆ. ಬುಡದಿಂದ ತುದಿ ನೋಡುವುದು, ಮುಂದಿನಿಂದ ಹಿಂದಕ್ಕೆ ಇಣುಕುವುದು, ಹತ್ತಿರದಿಂದ ದೂರಕ್ಕೆ ಸಮನಾಗಿ ನೋಡುವುದು ಎಂದು ಮೂರು ದೂರಗಳನ್ನು ಚಿತ್ರಕಾರ ಗುವೋ ಶಿ 11ನೇ ಶತಮಾನದಲ್ಲೇ ಹೇಳಿದ್ದಾನೆ. ಮೂರಕ್ಕೂ ಒಂದೇ ಲೆನ್ಸ್ ಹೇಗೆ ಸಾಕಾದೀತು? ದೂರಕ್ಕೆ ಗಾತ್ರ ಬದಲಿಸದ ಆರ್ಥೋಗ್ರಾಫಿಕ್ ಕ್ಯಾಮೆರಾ ಇಟ್ಟು, ಸುರುಳಿ ಬಿಚ್ಚುವಂತೆ ಬಲದಿಂದ ಎಡಕ್ಕೆ ಸರಿಸಿದೆ. ದೂರ ಬದಲಾಗುವ ಕಡೆ ಖಾಲಿ ಕಾಗದ ಬಿಟ್ಟೆ, ಅದೇ ಮಂಜು. ಆ ಮಂಜು ಮೂರು ಸೆಕೆಂಡಿಗಿಂತ ಕಡಿಮೆಯಾದರೆ ಕಣ್ಣು ಎಡವುತ್ತದೆ.

1960ರ ಹೊತ್ತಿಗೇ ಶಾಂಘೈ ಆನಿಮೇಷನ್ ಫಿಲ್ಮ್ ಸ್ಟುಡಿಯೋದವರು ಸೆಲ್ ಎಂಬ ಪಾರದರ್ಶಕ ಹಾಳೆಗಳಲ್ಲಿ ಮಸಿಯ ಛಾಯೆಗಳನ್ನು ಬಿಡಿಸಿ, ಪದರದ ಮೇಲೆ ಪದರ ಷೂಟ್ ಮಾಡಿ ಗೊದಮೊಟ್ಟೆಗಳನ್ನು ಈಜಿಸಿದ್ದರು. ಆ ತಾಳ್ಮೆಗೆ ಕೈಮುಗಿಯುತ್ತೇನೆ. ಆದರೆ ಬೆಟ್ಟದ ಮಟ್ಟಿಗೆ ನನ್ನ ದಾರಿಯೇ ಸಲೀಸು ಎಂದು ಧೈರ್ಯವಾಗಿ ಹೇಳಬಲ್ಲೆ.

ನಡುವೆ ಸೀಸೆಯ ಮಸಿಯನ್ನೂ ಪರೀಕ್ಷಿಸಿದೆ. ಅಂಚು ಒಂದೇ ಕಪ್ಪಾಗಿ ನಿಂತುಬಿಡುತ್ತದೆ. ಕಡ್ಡಿ ಮಸಿ ತೇಯ್ದರೆ ನಾಲ್ಕೈದು ಬೂದು ಸಿಗುತ್ತದೆ, ಆದರೆ ಪ್ರತಿ ಷಾಟ್‌ಗೆ ಇಪ್ಪತ್ತು ನಿಮಿಷ ತೇಯಬೇಕು. ಹಾಳೆಗೆ ಅಲ್ಲಲ್ಲಿ ಪಟಿಕದ ನೀರು ಸವರಿದರೆ ಮಸಿ ಅಲ್ಲಿಗೇ ತಡೆಯುತ್ತದೆ. ಬಂಡೆಗಳ ಅಂಚಿಗೆ ಅದನ್ನೇ ಬಳಸಿದೆ.

ಕೊನೆಗೆ ಕೈಗೆ ಬಂದದ್ದು ಮೂವತ್ತೆಂಟು ಸಾವಿರ, ಖರ್ಚು ಕಳೆದು ಹದಿನೈದು ಉಳಿದಿರಬೇಕು. ಎರಡನೇ ಸುರುಳಿಯ ಕೆಲಸವೂ ಸಿಕ್ಕಿದೆ. ಜೂನ್ ಮಳೆಯಲ್ಲಿ ಹಾಳೆ ಒಣಗುವುದೇ ಇಲ್ಲ, ಮಸಿ ಹೇಳಿದ ಕಡೆ ನಿಲ್ಲುವುದಿಲ್ಲ. ಜುಲೈ ಕೊನೆಗೆ ದೀಪ ಹಚ್ಚುತ್ತೇನೆ.