ಲೇಖಕರ ಎದುರು ಕೂತು ಕಲಿತದ್ದು

ನನ್ನ ಮೊದಲ ಸಂದರ್ಶನಕ್ಕೆ 22 ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಬರೆಯಲು ಸ್ಫೂರ್ತಿ ಯಾರು, ದಿನಕ್ಕೆ ಎಷ್ಟು ಹೊತ್ತು ಬರೆಯುತ್ತೀರಿ, ನಿಮಗೆ ಇಷ್ಟವಾದ ಲೇಖಕರು ಯಾರು, ಹೊಸಬರಿಗೆ ಏನು ಹೇಳುತ್ತೀರಿ. ಆ ಕಾದಂಬರಿಕಾರರು ಒಂದಕ್ಕೂ ತಡವರಿಸಲಿಲ್ಲ. ಎಲ್ಲದಕ್ಕೂ ಚೆಂದವಾಗಿ, ನಗುನಗುತ್ತಾ ಉತ್ತರ ಕೊಟ್ಟರು. 40 ನಿಮಿಷಕ್ಕೆ ಮುಗಿಯಿತು. ಕೆಲಸ ಚೆನ್ನಾಗಿ ಆಯ್ತು ಅಂದುಕೊಂಡು ಎದ್ದು ಬಂದೆ.

ಅದು ಪ್ರಕಟವಾದ ಮೇಲೆ ಅವರದೇ ಹಳೆಯ ಸಂದರ್ಶನವೊಂದು ಕೈಗೆ ಸಿಕ್ಕಿತು. ಆರು ವರ್ಷ ಹಿಂದಿನದು. ಸ್ಫೂರ್ತಿಯ ಪ್ರಶ್ನೆಗೆ ಅಲ್ಲೂ ಅದೇ ಉತ್ತರ. ಅದೇ ಪ್ರಸಂಗ, ಅದೇ ಮಾತು, ನಗು ಬರುವ ಜಾಗವೂ ಅದೇ. ಅವರದೇನೂ ತಪ್ಪಿರಲಿಲ್ಲ. ನೂರು ಜನ ಕೇಳಿದ್ದನ್ನೇ ನಾನೂ ಕೇಳಿದ್ದೆ, ನೂರು ಜನಕ್ಕೆ ಕೊಟ್ಟದ್ದನ್ನೇ ಅವರು ನನಗೂ ಕೊಟ್ಟಿದ್ದರು. ಅವತ್ತು ಅವರಿಗೆ ಖುಷಿಯಾಗಿರಲು ಸಾಧ್ಯವೇ ಇಲ್ಲ. ಓದಿದವರಿಗೂ ಆಗಿರಲಿಲ್ಲ. ಆ ಸಂದರ್ಶನದ ಬಗ್ಗೆ ಯಾರೂ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ.

ಇದಾಗಿ 11 ವರ್ಷ. ಅಲ್ಲಿಂದ ಇಲ್ಲಿಗೆ 60ಕ್ಕೂ ಜಾಸ್ತಿ ಕತೆಗಾರರು, ಕವಿಗಳು, ಅನುವಾದಕರನ್ನು ಮಾತಾಡಿಸಿದ್ದೇನೆ. ಸಂದರ್ಶನ ಅಂದರೆ ಲೇಖಕರಿಗೆ ಇಷ್ಟವಾ, ಓದುಗರಿಗೆ ಇಷ್ಟವಾ ಅಂತ ಬೇರೆ ಬೇರೆಯಾಗಿ ಕೇಳುವುದುಂಟು. ನನಗೆ ಅವು ಎರಡು ಪ್ರಶ್ನೆ ಅನ್ನಿಸುವುದಿಲ್ಲ. ಮಾತಾಡುತ್ತಾ ಲೇಖಕರು ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಾರಲ್ಲ, ಓದುವವರು ಪೆನ್ಸಿಲ್ ಎತ್ತಿ ಗೆರೆ ಎಳೆಯುವುದೂ ಅಲ್ಲೇ. ಆ ಜಾಗಕ್ಕೆ ಹೋಗುವ ದಾರಿ ಕಲಿಯುವುದೇ ನನ್ನ ಈ ಹನ್ನೊಂದು ವರ್ಷದ ಕೆಲಸ.

ಮೊದಲು ಬದಲಾಯಿಸಿದ್ದು ಓದುವ ರೀತಿ. ಈಗ ಪುಸ್ತಕವನ್ನು ಎರಡು ಸಲ ಓದುತ್ತೇನೆ. ಮೊದಲ ಸಲ ಕೈಯಲ್ಲಿ ಪೆನ್ಸಿಲ್ ಇಟ್ಟುಕೊಳ್ಳುವುದಿಲ್ಲ, ಸುಮ್ನೆ ಓದುತ್ತೇನೆ. ಎರಡನೇ ಸಲ ನಾನು ಎಲ್ಲಿ ತಡೆದು ನಿಂತೆ, ಯಾವ ಸಾಲಿಗೆ ಮತ್ತೆ ವಾಪಸ್ ಹೋದೆ, ಎಲ್ಲಿ ಅನುಮಾನ ಬಂತು ಅಂತ ಗುರುತು ಹಾಕುತ್ತೇನೆ. ಅವರ ಹಳೆಯ ಸಂದರ್ಶನಗಳನ್ನು ಸಿಕ್ಕಷ್ಟು ಓದುತ್ತೇನೆ. ಅಲ್ಲಿ ಕೇಳಿ ಆಗಿರುವುದನ್ನೆಲ್ಲ ನನ್ನ ಪಟ್ಟಿಯಿಂದ ಹೊಡೆದು ಹಾಕುತ್ತೇನೆ. ಕೊನೆಗೆ ಏಳೆಂಟು ಪ್ರಶ್ನೆ ಉಳಿದರೆ ಸಾಕು. ಅಷ್ಟನ್ನೂ ಪುಸ್ತಕದ ಪುಟಗಳ ನಡುವೆ ಚೀಟಿ ಮಾಡಿ ಇಡುತ್ತೇನೆ, ಬೇರೆ ಹಾಳೆ ಒಯ್ಯುವುದಿಲ್ಲ. ಪ್ರಶ್ನೆ ಹುಡುಕಬೇಕಾದರೆ ಪುಸ್ತಕವನ್ನೇ ತೆರೆಯಬೇಕು, ಅಲ್ವಾ. ಅದು ನನಗೂ ಒಳ್ಳೆಯದು, ಎದುರು ಕೂತವರಿಗೂ ಒಳ್ಳೆಯದು.

ಹೀಗೆ ಶುರು ಮಾಡಿದ ಹೊಸತರಲ್ಲಿ ಹಿರಿಯ ಕತೆಗಾರರೊಬ್ಬರ ಮನೆಗೆ ಹೋಗಿದ್ದೆ. ಅವರ ಸಂಕಲನದ 64ನೇ ಪುಟ ತೆರೆದು ಮುಂದಿಟ್ಟೆ. "ಸರ್, ಈ ಕತೆಯಲ್ಲಿ ಎಲ್ಲರಿಗೂ ಹೆಸರಿದೆ. ನಾಯಿಗೂ ಇದೆ. ಅಮ್ಮನಿಗೆ ಮಾತ್ರ ಇಲ್ಲ. ಯಾಕೆ?"

ಅವರು ಪುಸ್ತಕ ಕೈಗೆ ತಗೊಂಡರು. ಕನ್ನಡಕ ಏರಿಸಿಕೊಂಡರು. ಎರಡು ಪುಟ ಹಿಂದೆ ಹೋದರು, ಮತ್ತೆ ಮುಂದೆ ಬಂದರು. ಆಮೇಲೆ ರೆಕಾರ್ಡಿಂಗ್ ಕೇಳಿದಾಗ ಅಳೆದು ನೋಡಿದೆ: 38 ಸೆಕೆಂಡ್ ಬರೀ ಕಾಗದದ ಸದ್ದು.

"ಹೆಸರು ಇತ್ತು ಕಣ್ರೀ," ಅಂದರು. "ಮೂರನೇ ಕರಡಿನ ತನಕ ಇತ್ತು. ಮಗ ಅವಳನ್ನ ಅಮ್ಮ ಅಂತಾನೆ. ಗಂಡ ಏನೂ ಅಂತ ಕರೆಯೋದೇ ಇಲ್ಲ. ಆ ಮನೇಲಿ ಅವಳನ್ನ ಹೆಸರು ಹಿಡಿದು ಕರೆಯೋರು ಒಬ್ಬರೂ ಇಲ್ಲ. ಕತೆ ಹೇಳ್ತಾ ಇರೋ ನಾನು ಮಾತ್ರ ಕರೀತಾ ಇದ್ದೆ. ನನಗೆ ಯಾಕೆ ಆ ಸಲಿಗೆ ಅನ್ನಿಸ್ತು. ತೆಗೆದುಬಿಟ್ಟೆ."

ಅಲ್ಲಿಂದ ಮುಂದೆ ನಾನು ಹೆಚ್ಚು ಕೇಳಲೇ ಇಲ್ಲ. ಅವರೇ ಒಳಗೆ ಹೋಗಿ ಹಳೆಯ ಕರಡಿನ ಕಟ್ಟು ತಂದರು. ದಾರ ಬಿಚ್ಚಿ, ಹೆಸರು ಹೊಡೆದು ಹಾಕಿದ ಜಾಗಗಳನ್ನು ಒಂದೊಂದಾಗಿ ತೋರಿಸಿದರು. ಬೇರೆ ಬೇರೆ ಬಣ್ಣದ ಶಾಯಿ, ಒಂದು ಕಡೆ ಹೊಡೆದು ಹಾಕಿದ್ದನ್ನೇ ಮತ್ತೆ ಬರೆದು ಮತ್ತೆ ಹೊಡೆದಿದ್ದರು. ಅರ್ಧ ಗಂಟೆ ಅಂತ ಹೇಳಿದ್ದವರು ಎರಡೂವರೆ ಗಂಟೆ ಕೂತರು. ಆ ಸಂದರ್ಶನ ಬಂದ ಮೇಲೆ ನನಗೆ ಬಂದ ಪತ್ರಗಳೆಲ್ಲ ಈ ಹೆಸರಿನ ಬಗ್ಗೆಯೇ. ಒಬ್ಬ ಓದುಗರು ಆ ಕತೆಯನ್ನು ಮತ್ತೆ ತೆರೆದು, ಅಮ್ಮ ಬರುವ ಭಾಗಗಳನ್ನಷ್ಟೇ ಗಟ್ಟಿಯಾಗಿ ಓದಿದರಂತೆ. ಲೇಖಕರಿಗೂ ಓದುಗರಿಗೂ ಖುಷಿ ಒಂದೇ ಜಾಗದಲ್ಲಿ ಸಿಗುತ್ತದೆ ಅಂತ ನನಗೆ ಮೊದಲು ಗೊತ್ತಾದದ್ದು ಆಗ.

ಆ 38 ಸೆಕೆಂಡ್ ನಾನು ಬಾಯಿ ಮುಚ್ಚಿಕೊಂಡು ಕೂತದ್ದು ಸಣ್ಣ ವಿಷಯ ಅಲ್ಲ. ಅದಕ್ಕೂ ಮುಂಚೆ ನಾನು ಯಾವತ್ತೂ ಹಾಗೆ ಕೂತಿರಲಿಲ್ಲ. ಒಂದು ಗಂಟೆಯ ಮಾತನ್ನು ಕೇಳಿ ಕೇಳಿ ಬರಹಕ್ಕಿಳಿಸಲು ನನಗೆ ನಾಲ್ಕೈದು ಗಂಟೆ ಬೇಕು. ಈಗ ಆ ಕೆಲಸಕ್ಕೆ ಆ್ಯಪ್‌ಗಳಿವೆ, ಆದರೂ ನಾನು ಕೈಯಲ್ಲೇ ಮಾಡುತ್ತೇನೆ. ಯಾಕೆಂದರೆ ನನ್ನ ತಪ್ಪು ನನಗೆ ಕೇಳಿಸುವುದು ಅಲ್ಲೇ. ಒಬ್ಬ ಲೇಖಕಿ "ಆ ಅಧ್ಯಾಯ ಬರೆಯುವಾಗ ನನಗೆ ಸ್ವಲ್ಪ ಭಯ..." ಅಂತ ಶುರು ಮಾಡಿದ್ದರು. ನಾನು ನಡುವೆ ಬಾಯಿ ಹಾಕಿ, "ಹೌದು ಮೇಡಂ, ಅದರ ಭಾಷೆ ತುಂಬ ಚೆನ್ನಾಗಿದೆ" ಅಂದಿದ್ದೆ. ಅವರು ಥ್ಯಾಂಕ್ಸ್ ಅಂದರು. ಮಾತು ಅಲ್ಲಿಗೆ ನಿಂತಿತು. ಯಾವ ಭಯ ಅಂತ ತಿಳಿಯಲು ವಾರ ಬಿಟ್ಟು ಫೋನ್ ಮಾಡಿದೆ. ಏನು ಹೇಳಲು ಹೊರಟಿದ್ದೆನೋ ನೆನಪಾಗುತ್ತಿಲ್ಲ ಅಂದರು. ಆ ಉತ್ತರ ಹೋಯಿತು, ಮತ್ತೆ ಸಿಗಲಿಲ್ಲ. ಇವತ್ತಿಗೂ ಆ ಟೇಪ್ ಇಟ್ಟುಕೊಂಡಿದ್ದೇನೆ.

ಸುಮ್ಮನಿರುವುದು ಒಂದು, ಬಿಡದೆ ಮರುಪ್ರಶ್ನೆ ಕೇಳುವುದು ಇನ್ನೊಂದು. ಎರಡನೆಯದನ್ನು ಕಲಿಯಲು ನಾನು ಮತ್ತೆ ಮತ್ತೆ ಓದುವುದು 1958ರಲ್ಲಿ ದಿ ಪ್ಯಾರಿಸ್ ರಿವ್ಯೂ ಅನ್ನುವ ಇಂಗ್ಲಿಷ್ ಸಾಹಿತ್ಯ ಪತ್ರಿಕೆಯಲ್ಲಿ ಬಂದ, ಅಮೆರಿಕದ ಕಾದಂಬರಿಕಾರ ಅರ್ನೆಸ್ಟ್ ಹೆಮಿಂಗ್ವೇ ಸಂದರ್ಶನ. ಕೇಳಿದವರು ಆ ಪತ್ರಿಕೆಯ ಸಂಪಾದಕ ಜಾರ್ಜ್ ಪ್ಲಿಂಪ್ಟನ್. ಬರವಣಿಗೆಯ ಬಗ್ಗೆ ಮಾತಾಡುವುದೇ ಹೆಮಿಂಗ್ವೇಗೆ ಇಷ್ಟವಿರಲಿಲ್ಲ. ಸವೆದ ಪ್ರಶ್ನೆ ಕೇಳಿದರೆ ಸವೆದ ಉತ್ತರವೇ ಬರುತ್ತದೆ ಅಂತ ಅದೇ ಸಂದರ್ಶನದಲ್ಲಿ ನೇರವಾಗಿ ಹೇಳಿಬಿಡುತ್ತಾರೆ. ಅಂಥವರೇ, ಎಷ್ಟು ತಿದ್ದುತ್ತೀರಿ ಅಂತ ಕೇಳಿದಾಗ, 'ಎ ಫೇರ್‌ವೆಲ್ ಟು ಆರ್ಮ್ಸ್' ಕಾದಂಬರಿಯ ಕೊನೆಯ ಪುಟವನ್ನು 39 ಸಲ ಬರೆದೆ ಅನ್ನುತ್ತಾರೆ. ಅಲ್ಲಿಗೆ ಬಿಟ್ಟಿದ್ದರೆ ಅದು ಬರೀ ಒಂದು ಅಂಕಿ. ಪ್ಲಿಂಪ್ಟನ್ ಬಿಡಲಿಲ್ಲ. ಏನು ತೊಡಕಿತ್ತು, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಕೇಳಿದರು. ಪದಗಳನ್ನು ಸರಿಯಾಗಿ ಕೂರಿಸುವುದೇ ತೊಡಕಾಗಿತ್ತು ಅನ್ನುವ ಅರ್ಥದ ಪುಟ್ಟ ಉತ್ತರ ಬಂತು. ಓದುಗರ ನೆನಪಿನಲ್ಲಿ ಉಳಿದದ್ದು ಆ ಉತ್ತರ. 2012ರಲ್ಲಿ ಆ ಕಾದಂಬರಿಯ ಹೊಸ ಆವೃತ್ತಿ ಬಂದಾಗ ಹಸ್ತಪ್ರತಿಗಳಲ್ಲಿ ಸಿಕ್ಕ 47 ಬೇರೆ ಬೇರೆ ಕೊನೆಗಳನ್ನು ಅದರಲ್ಲಿ ಸೇರಿಸಿದರು. ಎಂಟು ಜಾಸ್ತಿಯೇ! ಲೇಖಕರ ಕೆಲಸ ಅವರ ನೆನಪಿಗಿಂತ ದೊಡ್ಡದು ಅಂತ ನನಗೆ ಸಂತೋಷ ಆಗುತ್ತದೆ, ಪ್ರತಿ ಸಲ ಇದನ್ನು ನೆನೆದಾಗಲೂ.

ಎದುರು ಕೂತು ಮಾತಾಡುವುದು ಎಲ್ಲರಿಗೂ ಒಗ್ಗುವುದಿಲ್ಲ. 'ಲೋಲಿಟಾ' ಕಾದಂಬರಿ ಬರೆದ ವ್ಲಾದಿಮಿರ್ ನಬೊಕೊವ್ ಪ್ರಶ್ನೆಗಳನ್ನು ಮೊದಲೇ ಬರೆದು ಕಳಿಸಿ ಅನ್ನುತ್ತಿದ್ದರು, ಉತ್ತರಗಳನ್ನೂ ಬರೆದೇ ಕೊಡುತ್ತಿದ್ದರು. ಇಟಾಲಿಯನ್ ಕಾದಂಬರಿಗಳ ಮೇಲೆ ಕಾಣುವ ಎಲೆನಾ ಫೆರಾಂಟೆ ಅನ್ನುವ ಹೆಸರು ಒಂದು ಕಾವ್ಯನಾಮ. ಆ ಹೆಸರಿನಲ್ಲಿ ಬರೆಯುವವರು ಮುಖ ತೋರಿಸಿಲ್ಲ, ಬರಹದ ಮೂಲಕವೇ ಉತ್ತರ ಕೊಡುತ್ತಾರೆ. ಇವರಿಗೆ ಓದುಗರ ಜತೆ ಮಾತು ಬೇಡವಾಗಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಬಾಯಿಂದ ಜಾರಿದ ಮಾತಿಗಿಂತ ಕೂತು ಬರೆದ ಮಾತಿನ ಮೇಲೆ ಅವರಿಗೆ ನಂಬಿಕೆ ಜಾಸ್ತಿ. ಬರೆಯುವವರಲ್ಲಿ ಅದು ಸಹಜವೇ.

ನನಗೂ ಅಂಥ ಕವಿಯೊಬ್ಬರು ಸಿಕ್ಕಿದ್ದರು. ಎದುರು ಕೂತಾಗ ಪ್ರತಿ ಉತ್ತರವೂ ಎರಡು ಪದದಲ್ಲಿ ಮುಗಿಯುತ್ತಿತ್ತು. ಅವರ ಕೈ ನಡುಗುತ್ತಿದ್ದದ್ದು ಕಂಡು ನಾನೇ ರೆಕಾರ್ಡರ್ ನಿಲ್ಲಿಸಿದೆ. ಈಮೇಲ್‌ನಲ್ಲಿ ಮಾಡೋಣ ಅಂದೆ. ಆದರೆ ಎಲ್ಲ ಪ್ರಶ್ನೆ ಒಟ್ಟಿಗೆ ಕಳಿಸಲಿಲ್ಲ. ಹಾಗೆ ಕಳಿಸಿದರೆ ಪರೀಕ್ಷೆಯ ಉತ್ತರ ಪತ್ರಿಕೆ ಬಂದ ಹಾಗೆ ಬರುತ್ತದೆ. ಒಂದೇ ಪ್ರಶ್ನೆ ಕಳಿಸುತ್ತಿದ್ದೆ. ಉತ್ತರ ಬಂದ ಮೇಲೆ, ಅದರೊಳಗಿನಿಂದಲೇ ಮುಂದಿನದನ್ನು ಹೆಕ್ಕುತ್ತಿದ್ದೆ. ಮೂರು ವಾರ ಹಿಡಿಯಿತು. ಕೊನೆಕೊನೆಗೆ ಅವರೇ ನನಗೆ ತಿರುಗಿ ಪ್ರಶ್ನೆ ಕಳಿಸಲು ಶುರು ಮಾಡಿದರು.

ಲೇಖಕರಿಗೆ ಯಾವ ಪ್ರಶ್ನೆ ನೋವು ಕೊಡುತ್ತದೆ ಅಂತ ಮಾತ್ರ ನಾನು ಆ ಕಡೆಯ ಕುರ್ಚಿಯಲ್ಲಿ ಕೂತೇ ಕಲಿಯಬೇಕಾಯ್ತು. ನನ್ನದೊಂದು ಸಣ್ಣ ಕಥಾಸಂಕಲನ ಬಂದಿತ್ತು. ಮಾತಾಡಿಸಲು ಬಂದ ಯುವಕ ಕೇಳಿದ ಮೊದಲ ಪ್ರಶ್ನೆ, "ಇದು ನಿಮ್ಮ ಮನೆಯಲ್ಲೇ ನಡೆದದ್ದಾ?" ಹೌದು ಅಂದರೆ ಮನೆಯವರೊಬ್ಬರನ್ನು ತಂದು ಬಯಲಲ್ಲಿ ನಿಲ್ಲಿಸಿದ ಹಾಗೆ. ಇಲ್ಲ ಅಂದರೆ ಸುಳ್ಳು. ಎರಡು ವರ್ಷ ಕೂತು, ನಡೆದದ್ದನ್ನೂ ನಡೆಯದ್ದನ್ನೂ ಬೆರೆಸಿ ಕಟ್ಟಿದ ಕತೆಯನ್ನು ಆ ಒಂದು ಪ್ರಶ್ನೆ ಮತ್ತೆ ಬಿಚ್ಚಿ ಹಾಕುತ್ತದೆ. ನಾನು ಏನೋ ತೇಲಿಸಿ ಹೇಳಿದೆ. ಅದನ್ನು ಅಚ್ಚಿನಲ್ಲಿ ನೋಡಿದಾಗ ಬೇಜಾರಾಯ್ತು. ಈ ಪ್ರಶ್ನೆಯನ್ನು ಹೆಣ್ಣುಮಕ್ಕಳಿಗೆ ಜಾಸ್ತಿ ಕೇಳುತ್ತಾರೆ, ನಾನು ಮಾತಾಡಿಸಿದ ಲೇಖಕಿಯರಲ್ಲಿ ಎಷ್ಟೋ ಜನ ಇದನ್ನು ಹೇಳಿದ್ದಾರೆ. ಅವತ್ತಿನಿಂದ ನಾನು ಇದನ್ನು ಕೇಳುವುದನ್ನು ಬಿಟ್ಟೆ. ನಡೆದ ಘಟನೆಯಿಂದ ಏನನ್ನು ತೆಗೆದಿರಿ, ಏನನ್ನು ಸೇರಿಸಿದಿರಿ ಅಂತಲೂ ಕೇಳುವುದಿಲ್ಲ, ಅವರಾಗಿ ಹೇಳಿದರೆ ಮಾತ್ರ ಮುಂದುವರಿಸುತ್ತೇನೆ.

ಬರಹಕ್ಕಿಳಿಸಿದ ಪ್ರತಿಯನ್ನು ಪ್ರಕಟಣೆಗೆ ಮುಂಚೆ ಲೇಖಕರಿಗೆ ತೋರಿಸಬೇಕಾ ಬೇಡವಾ ಅಂತ ವಾದ ಇದೆ. ಸುದ್ದಿಗೆ ಬೇರೆ ನಿಯಮ ಇರಲಿ. ಸಾಹಿತ್ಯದ ಮಾತಿಗೆ ತೋರಿಸಬೇಕು ಅಂತಲೇ ನನ್ನ ಅಭಿಪ್ರಾಯ. 1953ರಲ್ಲಿ ಶುರುವಾದ ಪ್ಯಾರಿಸ್ ರಿವ್ಯೂ ಸಂದರ್ಶನಗಳು ಇಷ್ಟು ಹೆಸರು ಮಾಡಿದ್ದಕ್ಕೆ, ತಮ್ಮ ಮಾತನ್ನು ತಿದ್ದಲು ಪತ್ರಿಕೆಯವರು ಲೇಖಕರಿಗೆ ಅವಕಾಶ ಕೊಟ್ಟದ್ದೂ ಒಂದು ಕಾರಣ. ಅದರಲ್ಲಿ ನಷ್ಟವೂ ಇದೆ. ಒಬ್ಬರು ತಮ್ಮ ಅಣ್ಣನ ಜತೆಗಿನ ಜಗಳದ ಭಾಗವನ್ನು ಪೂರ್ತಿ ತೆಗೆಯಿರಿ ಅಂದರು. ಇಡೀ ಸಂದರ್ಶನದಲ್ಲಿ ಅಷ್ಟು ಜೀವಂತವಾದ ಮಾತು ಇನ್ನೊಂದಿರಲಿಲ್ಲ. ತೆಗೆದೆ. ಅಣ್ಣ ಅವರಿಗೆ ಬೇಕು, ನನ್ನ ಒಂದು ಪುಟಕ್ಕಿಂತ. ಇನ್ನೊಬ್ಬರು ಆಡಿದ ಮಾತನ್ನೆಲ್ಲ ಭಾಷಣದ ಭಾಷೆಗೆ ತಿರುಗಿಸಿ ಕಳಿಸಿದರು. ಆಗ ನಾನು ಒಪ್ಪಿಕೊಳ್ಳಲಿಲ್ಲ. ಫೋನ್ ಮಾಡಿ, ಅವರು ಆಡಿದ್ದನ್ನೂ ತಿದ್ದಿದ್ದನ್ನೂ ಒಂದಾದ ಮೇಲೆ ಒಂದು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲನೇದೇ ಇರಲಿ ಬಿಡಿ, ಅದರಲ್ಲಿ ನಾನಿದ್ದೀನಿ" ಅಂದರು.

ವೇದಿಕೆಯ ಮೇಲಿನ ಸಂವಾದ ನನಗೆ ಅಷ್ಟು ಹಿಡಿಸುವುದಿಲ್ಲ. ಚಪ್ಪಾಳೆ ಬಿದ್ದ ಮಾತಿನ ಹಿಂದೆಯೇ ಮುಂದಿನ ಮಾತೂ ಹೋಗುತ್ತದೆ. ಆದರೆ ಕೊನೆಯಲ್ಲಿ ಓದುಗರು ಕೇಳುವ ಪ್ರಶ್ನೆಗಾಗಿ ನಾನು ಅಲ್ಲಿಗೆ ಹೋಗುತ್ತೇನೆ. ಒಂದು ಸಲ ಹನ್ನೆರಡು ಹದಿಮೂರರ ಹುಡುಗಿ ಎದ್ದು ನಿಂತು, "ನಿಮ್ಮ ಕತೆಯಲ್ಲಿ ಮಳೆ ಶುರುವಾಗುತ್ತೆ, ಆಮೇಲೆ ನಿಂತಿದ್ದು ಯಾವಾಗ?" ಅಂತ ಕೇಳಿದಳು. ಲೇಖಕರು ಪುಸ್ತಕ ತಿರುವಿ ನೋಡಿದರು. ಮಳೆ ನಿಂತೇ ಇರಲಿಲ್ಲ. ಅದಾದ ಮೇಲೆ ಮೂರು ದಿನದ ಕತೆ ನಡೆದಿತ್ತು, ಅವರು ಮಳೆಯನ್ನು ಮರೆತೇ ಬಿಟ್ಟಿದ್ದರು. ಆ ಸಂಜೆ ಅವರ ಮುಖ ಅರಳಿದ್ದು ಹೊಗಳಿಕೆಯ ಮಾತಿಗಲ್ಲ, ಈ ಪ್ರಶ್ನೆಗೆ. ಈಗ ನಾನು ಯಾರನ್ನೇ ಮಾತಾಡಿಸಲು ಹೋಗುವ ಮುಂಚೆ ಆ ಪುಸ್ತಕ ಓದಿದ ಮೂರ್ನಾಲ್ಕು ಜನರನ್ನು ನಿಮಗೇನು ಕೇಳಬೇಕು ಅನ್ನಿಸಿತು ಅಂತ ವಿಚಾರಿಸುತ್ತೇನೆ. ಅವರ ಪ್ರಶ್ನೆಗಳಲ್ಲಿ ಒಂದಾದರೂ ನನ್ನ ಚೀಟಿಗಳಲ್ಲಿ ಇರುತ್ತದೆ.

ಪುಸ್ತಕ ಇನ್ನೂ ಓದದವರೂ ಸಂದರ್ಶನ ಓದುತ್ತಾರೆ. ಅವರಿಗಾಗಿ ಕತೆಯ ಕೊನೆಯನ್ನು ಮುಚ್ಚಿಡುತ್ತೇನೆ. ಕೊನೆಯ ಬಗ್ಗೆಯೇ ಕೇಳಲೇಬೇಕು ಅನ್ನಿಸಿದರೆ ಆ ಭಾಗವನ್ನು ಕಟ್ಟಕಡೆಗೆ ಇಟ್ಟು, ಮೇಲೆ ಒಂದು ಸಾಲಿನ ಎಚ್ಚರಿಕೆ ಹಾಕುತ್ತೇನೆ.

ಹೋದ ವರ್ಷ ಮಾತಾಡಿಸಿದ ಲೇಖಕಿಯ ಕತೆಗೂ ಅಂಥ ಎಚ್ಚರಿಕೆ ಹಾಕಬೇಕಾಯ್ತು. ಆ ಕತೆಯ ಕೊನೆಯಲ್ಲಿ ಒಬ್ಬಳು ಮನೆ ಬಿಟ್ಟು ಹೊರಡುತ್ತಾಳೆ. ಬೀಗ ಹಾಕಿ, ಎಳೆದು ನೋಡುತ್ತಾಳೆ. ನಾಲ್ಕು ಹೆಜ್ಜೆ ಹೋದವಳು ವಾಪಸ್ ಬಂದು ಮತ್ತೆ ಎಳೆದು ನೋಡುತ್ತಾಳೆ. ಕತೆ ಮುಗಿಯುತ್ತದೆ. ಎರಡನೇ ಸಲ ಯಾಕೆ ಅಂತ ಕೇಳಿದೆ. ಅವರು ತುಂಬ ಯೋಚನೆ ಮಾಡಿ, "ಸುಮ್ನೆ ಬಂತು, ಗೊತ್ತಿಲ್ಲ" ಅಂದರು. ಗೊತ್ತಿಲ್ಲ ಅನ್ನುವುದೂ ಉತ್ತರವೇ. ಹಾಗೇ ಬರೆದುಕೊಂಡೆ.

ಮೂರು ದಿನ ಬಿಟ್ಟು ರಾತ್ರಿ ಹತ್ತು ಗಂಟೆಯ ಮೇಲೆ ಅವರ ಫೋನ್ ಬಂತು. "ಪೆನ್ನಿದೆಯಾ?" ಅಂದರು. ಕೈಗೆ ಸಿಕ್ಕ ಲಕೋಟೆಯ ಬೆನ್ನ ಮೇಲೆ ಬರೆದುಕೊಂಡೆ. "ಎರಡನೇ ಸಲ ಬೀಗ ಎಳೆದು ನೋಡಿದ್ದು ಅವಳಲ್ಲ, ನಾನು. ಅವಳನ್ನ ಕಳಿಸಿಕೊಡೋಕೆ ನನಗೇ ಮನಸ್ಸಿರಲಿಲ್ಲ. ನೀವು ಕೇಳೋ ತನಕ ನನಗೂ ಇದು ಗೊತ್ತಿರಲಿಲ್ಲ ನೋಡಿ." ಆಮೇಲೆ ಇನ್ನೂ ಇಪ್ಪತ್ತು ನಿಮಿಷ ಆ ಹೆಣ್ಣಿನ ಬಗ್ಗೆಯೇ ಮಾತಾಡಿದರು, ಅವಳು ಈಗೆಲ್ಲಿರಬಹುದು ಅಂತ.

ಮೊದಲ ಉತ್ತರವನ್ನು ನಾನು ಅಳಿಸಲಿಲ್ಲ. ಅದರ ಕೆಳಗೆ ಇದನ್ನು ಸೇರಿಸಿ, ಎರಡಕ್ಕೂ ಅದರದರ ದಿನಾಂಕ ಹಾಕಿ ಕಳಿಸಿದೆ.