ದೂರು ಬಿಟ್ಟು ರಿಜಿಸ್ಟರ್ ಹಿಡಿದ ಮೇಲೆ: ಅಳಿವೆ ಬದಿಯಲ್ಲಿ ಮೂರು ಮಳೆಗಾಲದ ಅನುಭವ

ಎರಡು ಅಲ್ಯೂಮಿನಿಯಂ ಕೋಲು, ಉಪ್ಪಿನಂಶ ನೋಡುವ ಒಂದು ರಿಫ್ರಾಕ್ಟೋಮೀಟರ್, ಇನ್ನೂರು ಪುಟದ ಒಂದು ರಿಜಿಸ್ಟರ್. ಇಷ್ಟರಿಂದ ಅಳಿವೆ ಬದಿಯಲ್ಲಿ, ಅಂದರೆ ಹೊಳೆ ಕಡಲು ಸೇರುವ ಕಡೆ, ಮಣ್ಣು ತುಂಬುವುದು ನಿಲ್ಲುತ್ತದೆ ಅಂದಾಗ ಪಂಚಾಯತಿನವರೂ ನಂಬಲಿಲ್ಲ, ಪರಿಸರದ ಕೆಲಸ ಮಾಡುವವರೂ ನಂಬಲಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಮಂಜೇಶ್ವರದವರೆಗಿನ ಪಟ್ಟಿಯಲ್ಲಿ ಒಂದು ಪಂಚಾಯತಿನ ಎರಡು ವಾರ್ಡುಗಳಲ್ಲಿ ಮೂರು ಮಳೆಗಾಲ ಇದನ್ನು ಮಾಡಿದ್ದೇವೆ. ಹದಿನೇಳೋ ಹದಿನೆಂಟೋ ಸರ್ವೆ ನಂಬರು ರಿಜಿಸ್ಟರಿನಲ್ಲಿವೆ. ನಾಲ್ಕು ಮನೆಗಳ ಪ್ಲಾನು ಹಿಂದೆ ಸರಿದವು, ಎರಡು ಕಡೆ ತುಂಬಿದ ಮಣ್ಣು ತೆಗೆಸಿಯಾಯಿತು, ಒಂದು ಕಡೆ ಸೋತೆವು. ಜೈವವೈವಿಧ್ಯ ನಿರ್ವಹಣಾ ಸಮಿತಿಯಲ್ಲೋ ಗದ್ದೆ-ಜೌಗು ಜಾಗದ ಮೇಲ್ವಿಚಾರಣೆ ಸಮಿತಿಯಲ್ಲೋ ಇರುವವರಿಗಾಗಿ ಇದನ್ನು ಬರೆದದ್ದು.

ಮೊದಲು ಹಾಳಾದ ದುಡ್ಡಿನ ವಿಚಾರ. ಮೊದಲ ವರ್ಷ ಖರ್ಚಾದ ಸುಮಾರು ಹದಿನಾಲ್ಕು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿಗೆ ಹೋಯಿತು. ಐದು ಸಾವಿರ ಕೊಟ್ಟು ಅರ್ಧ ದಿನ ಡ್ರೋನ್ ಹಾರಿಸಿದ್ದೇ ದೊಡ್ಡ ತಪ್ಪು. ಚಿತ್ರ ಚಂದ ಬಂತು. ಆದರೆ ಅದರಲ್ಲಿ ಎತ್ತರವಿಲ್ಲ, ಸರ್ವೆ ಗಡಿಯಿಲ್ಲ. ಗೂಗಲ್ ಅರ್ಥ್ ಚಿತ್ರ ಪ್ರಿಂಟ್ ಮಾಡಿ ಕೊಟ್ಟದ್ದಕ್ಕೆ "ಯಾವ ಸರ್ವೆ ನಂಬರು?" ಎಂಬ ಒಂದೇ ಪ್ರಶ್ನೆ ಬಂತು. ಇನ್ನೂರು ಸಹಿಯ ಮನವಿಯದ್ದೂ ಅದೇ ಗತಿ. ಫೈಲಿಗೆ ಬೇಕಾದ್ದು ಆಕ್ರೋಶವಲ್ಲ. ಆಫೀಸಿನವರು ತಮ್ಮ ಕೈಯಿಂದ ಬರೆದು ಸಹಿ ಹಾಕಬಹುದಾದ ಒಂದು ಸಾಲು ಬೇಕು: ಇಂಥ ಸಬ್ ಡಿವಿಜನ್, ಇಂಥ ಗುರುತಿನಿಂದ ಇಷ್ಟು ಮೀಟರ್, ಇಂಥ ದಿನ.

ಪಂಚಾಯತಿಗೆ ಆ ಸಾಲು ಯಾಕೆ ಬೇಕು ಎಂಬುದರಲ್ಲೇ ಇಡೀ ಕೆಲಸದ ಬೀಗದ ಕೈ ಇದೆ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ 300 ಚದರ ಮೀಟರಿನೊಳಗಿನ ಸ್ವಂತ ವಾಸದ ಮನೆಗೆ ರಾಜ್ಯ ಕರಾವಳಿ ಪ್ರಾಧಿಕಾರದ ಶಿಫಾರಸು ಬೇಡ, ಸ್ಥಳೀಯ ಸಂಸ್ಥೆಯೇ ಒಪ್ಪಿಗೆ ಕೊಡಬಹುದು. ಇದನ್ನು ಎಲ್ಲರೂ ಸಡಿಲಿಕೆ ಎಂದು ಓದುತ್ತಾರೆ. ಮುಂದಿನ ವಾಕ್ಯವನ್ನೂ ಓದಬೇಕು: ಒಪ್ಪಿಗೆಗೆ ಮುಂಚೆ ಆ ಸಂಸ್ಥೆ ಅರ್ಜಿಯನ್ನು ಅಧಿಸೂಚನೆಯ ದೃಷ್ಟಿಯಿಂದ ಪರಿಶೀಲಿಸಲೇಬೇಕು. ಅಂದರೆ ಹೊಣೆ ಈಗ ಪಂಚಾಯತು ಸೆಕ್ರೆಟರಿಯ ತಲೆಯ ಮೇಲೆ. ಪರಿಶೀಲಿಸಲು ಅವರ ಕೈಯಲ್ಲಿ ಏನೂ ಇಲ್ಲ, ಓವರ್ಸಿಯರ್ ಒಬ್ಬರೇ. ಆ ಖಾಲಿ ಜಾಗಕ್ಕೆ ನಮ್ಮ ರಿಜಿಸ್ಟರ್ ಹೋಗಿ ಕೂತಿತು. ಪರ್ಮಿಟ್ ಆದ ಮೇಲೆ ದೂರು ಕೊಟ್ಟರೆ ಆಫೀಸಿನವರು ಎದುರಾಳಿಗಳಾಗುತ್ತಾರೆ. ಅರ್ಜಿ ಬರುವ ಮೊದಲೇ ಅಂಕಿ ಮೇಜಿನ ಮೇಲಿದ್ದರೆ ಅದು ಅವರ ರಕ್ಷಣೆಗೇ ಆಗುತ್ತದೆ. ಕೊಚ್ಚಿಯ ಬಳಿಯ ಮರಡಿನ ನಾಲ್ಕು ಫ್ಲ್ಯಾಟ್ ಸಮುಚ್ಚಯಗಳಿಗೆ ಪರ್ಮಿಟ್ ಕೊಟ್ಟದ್ದು ಸ್ಥಳೀಯ ಪಂಚಾಯತೇ. ಕರಾವಳಿ ನಿಯಮ ಮೀರಿದ ಅವನ್ನು ಕೆಡವಬೇಕೆಂದು 2019ರ ಮೇ 8ರಂದು ಸುಪ್ರೀಂ ಕೋರ್ಟಿನ ಆದೇಶ ಬಂತು, 2020ರ ಜನವರಿ 11 ಮತ್ತು 12ರಂದು ಕಟ್ಟಡಗಳು ನೆಲಕ್ಕುರುಳಿದವು. ಆ ಆದೇಶದ ಒಂದು ಪ್ರತಿ ರಿಜಿಸ್ಟರಿನ ಕೊನೆಗೆ ಅಂಟಿಸಿಟ್ಟಿದ್ದೇವೆ. ಹೆಚ್ಚು ಮಾತಾಡಬೇಕಾಗಿ ಬರುವುದಿಲ್ಲ.

ಈಗ ಅಳತೆ. ಕಡಲ ಬದಿಗೆ, ದಂಡೆಯ ಏರು-ಇಳಿತ ಅಳೆಯಲು, ಎಮರಿ ಕೋಲಿನ ಕ್ರಮ: ಒಂದೂವರೆ ಮೀಟರಿನ ಎರಡು ಕೋಲು, ನಡುವೆ ಎರಡು ಮೀಟರ್ ಹಗ್ಗ, ಬಾನಂಚೇ ಮಟ್ಟ. ದಂಡೆ ಕಡಲ ಕಡೆಗೆ ಇಳಿದಿದ್ದರೆ ಮುಂದಿನ ಕೋಲಿನ ತುದಿ ಮತ್ತು ಬಾನಂಚು ಒಂದೇ ಗೆರೆಗೆ ಬರುವಂತೆ ಕಣ್ಣಿಟ್ಟು, ಆ ಗೆರೆ ಹಿಂದಿನ ಕೋಲನ್ನು ಎಲ್ಲಿ ಮುಟ್ಟುತ್ತದೋ ಅದನ್ನು ತುದಿಯಿಂದ ಕೆಳಕ್ಕೆ ಓದಬೇಕು. ಮರಳಿನ ದಿಬ್ಬ ಏರಿದ್ದರೆ ತಿರುಗಾಮುರುಗಾ: ಹಿಂದಿನ ಕೋಲಿನ ತುದಿಯಿಂದ ನೋಡಿ ಮುಂದಿನದ್ದರಲ್ಲಿ ಓದುವುದು. ಇದು ತಪ್ಪಿದರೆ ಏರು ಇಳಿತವಾಗಿ ಬರೆದು ಹೋಗುತ್ತದೆ. ನಮ್ಮ ಮೊದಲ ಎರಡು ತಿಂಗಳ ಲೆಕ್ಕ ಕಸದಬುಟ್ಟಿಗೆ ಹೋದದ್ದು ಇದರಿಂದಲೇ. ಅಡಿಕೆ ಸಲಾಕೆಯ ಕೋಲು ಮಾಡಬೇಡಿ, ಒಂದು ಮಳೆಗಾಲಕ್ಕೆ ಬಾಗುತ್ತದೆ. ಒಂದಿಂಚಿನ ಚೌಕ ಅಲ್ಯೂಮಿನಿಯಂ ಪೈಪು, ಮೇಲೆ ಟೈಲರ್ ಟೇಪಿನ ಬದಲು ಪೈಂಟಿನ ಗೆರೆ, ಬುಡಕ್ಕೆ ಅಂಗೈಯಗಲದ ಪ್ಲೈವುಡ್ ಬಿಲ್ಲೆ. ಬಿಲ್ಲೆ ಇಲ್ಲದಿದ್ದರೆ ಒದ್ದೆ ಮರಳಲ್ಲಿ ಕೋಲು ಎರಡು ಮೂರು ಸೆಂಟಿಮೀಟರ್ ಹೂತು, ನಲವತ್ತು ಮೀಟರ್ ಸಾಗುವಷ್ಟರಲ್ಲಿ ತಪ್ಪು ಅರ್ಧ ಮೀಟರಿಗೆ ಏರುತ್ತದೆ. ಎರಡಕ್ಕೂ ಸೇರಿ ಆರೇಳುನೂರು ರೂಪಾಯಿ.

ಹೊಳೆಯ ಒಳಬದಿಗೆ ಬಾನಂಚು ಇಲ್ಲ, ಮಂಜು ಮುಸುಕಿದ ಬೆಳಗ್ಗೆ ಕಡಲಿಗೂ ಇಲ್ಲ. ಅಲ್ಲಿ ಮೇಸ್ತ್ರಿಗಳ ನೀರಿನ ಮಟ್ಟದ ಪೈಪೇ ಗತಿ. ಗುಳ್ಳೆ ಬರದಂತೆ ನೋಡಿಕೊಂಡರೆ ಸಾಕು.

ಯಾವುದರಿಂದ ಅಳೆಯಬೇಕು ಎಂಬುದರಲ್ಲಿ ಹೆಚ್ಚು ಪೆಟ್ಟು ತಿಂದಿದ್ದೇವೆ. ಗಾಳಿಮರದ ಗೂಟ ಸೌದೆಯಾಯಿತು. ಕಬ್ಬಿಣದ ಸರಳು ಗುಜರಿಗೆ ಹೋಯಿತು. ವಿದ್ಯುತ್ ಕಂಬವನ್ನು ಇಲಾಖೆಯವರೇ ಸರಿಸಿದರು. ಕೊನೆಗೆ ಒದಗಿದ್ದು ಬಾವಿ. ಬಾವಿಯ ಕಾಂಕ್ರೀಟ್ ರಿಂಗ್ ಕಳವಾಗುವುದಿಲ್ಲ, ನೆಲ ಕೊರೆದು ಹೋದರೂ ತೆರೆಯ ನಡುವೆ ನಿಂತಿರುತ್ತದೆ, ಅದು ಯಾರ ಬಾವಿ ಎಂದು ಊರಿಗೇ ಗೊತ್ತು. ವಿಲೇಜ್ ಆಫೀಸರ್ ಸ್ಥಳಕ್ಕೆ ಬಂದಾಗ "ಈ ಬಾವಿಯ ರಿಂಗಿನಿಂದ" ಎಂದು ತೋರಿಸಿದರೆ ಮರುಮಾತಿಲ್ಲ. ಬಾವಿ ಇಲ್ಲದಲ್ಲಿ ನಾಲ್ಕಿಂಚು ಪಿವಿಸಿ ಪೈಪಿಗೆ ಕಾಂಕ್ರೀಟ್ ತುಂಬಿ ಒಂದು ಮೀಟರ್ ಹೂಳುತ್ತೇವೆ, ತಲೆ ಮಾತ್ರ ಮೇಲೆ. ಪ್ರತಿ ಗುರುತಿಗೂ ಒಂದು ಗುಪ್ತ ಜೋಡಿ ಇದೆ. ಅದನ್ನು ಎಲ್ಲಿ ಹೇಗೆ ಇಡುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಬಾರಿ ಗುರುತು ಕಿತ್ತು ಹತ್ತು ಮೀಟರ್ ಆಚೆ ನೆಟ್ಟಿದ್ದರು, ಆ ಜೋಡಿಯೇ ನಮ್ಮನ್ನು ಉಳಿಸಿತು.

ಅಳೆಯುವ ದಿನ ಇನ್ನೂ ಮುಖ್ಯ. ಮೊದಲ ವರ್ಷ ಫೆಬ್ರವರಿಯಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ಅಳೆದು ಹದಿನೆಂಟು ಮೀಟರ್ ದಂಡೆ ಹೋಯಿತು ಎಂದು ವರದಿ ಕೊಟ್ಟೆವು. ಇಂಜಿನಿಯರ್ ಅದನ್ನು ವಾಪಸು ಕಳಿಸಿದರು, ಸರಿಯಾಗಿಯೇ. ನಮ್ಮ ಕಡಲು ಆಟಿಯಲ್ಲಿ (ಜುಲೈ-ಆಗಸ್ಟ್) ತಿಂದ ಮರಳನ್ನು ಚಳಿಗಾಲಕ್ಕೆ ಮರಳಿ ತಂದು ಹಾಕುತ್ತದೆ. ಡಿಸೆಂಬರಿಗೆ ಅದರಲ್ಲಿ ಹದಿನಾಲ್ಕು ಮೀಟರ್ ಬಂದೇ ಬಂತು. ಮೇಗೆ ಮೇ ಹೋಲಿಸಿ, ಆಗಸ್ಟಿಗೆ ಆಗಸ್ಟ್ ಹೋಲಿಸಿ. ಅಮಾವಾಸ್ಯೆಯ ಇಳಿತದಲ್ಲೇ ಅಳೆಯಿರಿ, ಹೊತ್ತಿಗೆ ನವಮಂಗಳೂರು ಬಂದರಿನ ಭರತ-ಇಳಿತದ ಪಟ್ಟಿ ಸಾಕು. ಕಳ್ಳಕ್ಕಡಲಿನ (ದೂರದ ಕಡಲಿನಿಂದ ಸದ್ದಿಲ್ಲದೆ ಬಂದು ಉಕ್ಕುವ ತೆರೆ) ಎಚ್ಚರಿಕೆ ಬಂದ ವಾರ ಅಳೆದದ್ದನ್ನು ಬೇರೆ ಶಾಯಿಯಲ್ಲಿ ಬರೆಯಿರಿ, ಸರಾಸರಿಗೆ ಸೇರಿಸಬೇಡಿ. ಎರಡು ವರ್ಷದ ಮೇ ಲೆಕ್ಕದಲ್ಲಿ ನಿಜವಾಗಿ ಹೋದದ್ದು ನಾಲ್ಕು ಮೀಟರ್ ಚಿಲ್ಲರೆ, ಅದೂ ಕಲ್ಲಿನ ತಡೆಗೋಡೆ ಮುಗಿಯುವ ಕೊನೆಯಲ್ಲಿ. ಗೋಡೆಗೆ ಬಡಿದ ತೆರೆ ಅದರ ತುದಿಯಲ್ಲಿ ತಿರುಗಿ ಪಕ್ಕದ ಬರಿ ಮರಳನ್ನು ಕೊರೆಯುತ್ತದೆ. ಹದಿನೆಂಟಕ್ಕಿಂತ ಈ ನಾಲ್ಕು ಹೆಚ್ಚು ಕೆಲಸ ಮಾಡಿತು, ಯಾಕೆಂದರೆ ಅದನ್ನು ಯಾರೂ ಅಲ್ಲಗಳೆಯಲಾಗಲಿಲ್ಲ.

ಹೊಳೆ ಬದಿಗೆ ಬಂದರೆ ಲೆಕ್ಕವೇ ಬೇರೆ. 2011ರ ಅಧಿಸೂಚನೆಯಲ್ಲಿ ಭರತ ಏರುವ ಹೊಳೆಯ ಬದಿಗೆ ನಿಯಂತ್ರಣದ ದೂರ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. 2019ರದ್ದರಲ್ಲಿ 100 ಹೋಗಿ 50 ಆಯಿತು. ಕೇರಳದ ಹೊಸ ನಕ್ಷೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ, ಅಲ್ಲಿಯವರೆಗೆ ಹಳೆಯ ಲೆಕ್ಕವೇ. "ಯಾವುದು ಕಡಿಮೆಯೋ" ಎಂಬಲ್ಲಿ ನಿಲ್ಲಿ. ಹೊಳೆ ಮೂವತ್ತು ಮೀಟರ್ ಅಗಲವಿದ್ದರೆ ಗೆರೆಯೂ ಮೂವತ್ತಕ್ಕೆ. ಬದಿಗೆ ಮುರಕಲ್ಲಿನ ಗೋಡೆ ಕಟ್ಟಿ, ಹಿಂದೆ ಮಣ್ಣು ತುಂಬಿ ಹೊಳೆಯನ್ನೇ ಕಿರಿದು ಮಾಡಿದರೆ ಕಾಪಾಡಬೇಕಾದ ದೂರವೂ ಕಿರಿದಾಗುತ್ತದೆ. ನಮ್ಮಲ್ಲಿ ಒಂದು ಕಡೆ ಎಫ್.ಎಂ.ಬಿ. (ಸರ್ವೆಯ ಅಳತೆ ಪುಸ್ತಕ) ಸ್ಕೆಚ್ಚಿನಲ್ಲಿ ಮೂವತ್ತೆಂಟು ಮೀಟರ್ ಇದ್ದ ಹೊಳೆ ಈಗ ಇಪ್ಪತ್ತೊಂಬತ್ತು. ಆದ್ದರಿಂದ ಎಲ್ಲಕ್ಕಿಂತ ಮೊದಲು ಹೊಳೆಯ ಅಗಲವನ್ನು ಐವತ್ತು ಮೀಟರಿಗೊಮ್ಮೆ ಅಳೆದು, ಸ್ಕೆಚ್ಚಿನ ಅಂಕಿ ಪಕ್ಕದಲ್ಲಿ ಬರೆದಿಡಿ. ಭರತದ ಗೆರೆ ಎಳೆಯುವ ಅಧಿಕಾರ ನಮಗಿಲ್ಲ, ಪಂಚಾಯತಿಗೂ ಇಲ್ಲ. ಮಂಜೂರಾದ ನಕ್ಷೆಯಿಂದ ದೂರ ಓದುವುದಷ್ಟೇ ನಮ್ಮ ಕೆಲಸ. ಇದನ್ನು ಮೀರಿದರೆ ಫೈಲು ಬೀಳುತ್ತದೆ.

ಭರತ ಎಲ್ಲಿಯವರೆಗೆ ಏರುತ್ತದೆ ಎಂಬುದಕ್ಕೆ ಅಧಿಸೂಚನೆಯ ಮಾನದಂಡ ಉಪ್ಪು: ವರ್ಷದ ಅತಿ ಒಣ ಕಾಲದಲ್ಲಿ ಸಾವಿರಕ್ಕೆ ಐದು ಭಾಗ. ಸಿಗಡಿ ಹೊಂಡದವರ ಹಳೆಯ ರಿಫ್ರಾಕ್ಟೋಮೀಟರ್ ಒಂದೂವರೆ ಸಾವಿರಕ್ಕೆ ಸಿಕ್ಕಿತು. ಪ್ರತಿ ಸಲ ಬ್ಯಾಟರಿ ನೀರಿನಲ್ಲಿ ಸೊನ್ನೆಗೆ ತರಬೇಕು. ಮೇಲ್ಮೈ ನೀರು ತೆಗೆದರೆ ಮೋಸ ಹೋಗುತ್ತೀರಿ. ಉಪ್ಪುನೀರು ಭಾರ, ಅದು ತಳದಲ್ಲಿ ನಾಲಗೆಯ ಹಾಗೆ ಒಳಗೆ ಹರಿಯುತ್ತದೆ. ಒಂದೇ ಜಾಗದಲ್ಲಿ ಮೇಲೆ ಎರಡು, ತಳದಲ್ಲಿ ಹನ್ನೆರಡು ಬಂದದ್ದಿದೆ. ಸೋಡಾ ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಹಾಕಿ, ತಳ ಮುಟ್ಟಿದ ಮೇಲೆ ಎಳೆಯಿರಿ. ಇನ್ನು ನಮ್ಮ ಜಿಲ್ಲೆಯದ್ದೇ ಆದ ತೊಡಕು ಕಟ್ಟ, ಅಂದರೆ ಹೊಳೆಗೆ ಅಡ್ಡ ಹಾಕುವ ತಾತ್ಕಾಲಿಕ ಒಡ್ಡು. ಕಟ್ಟ ಹಾಕಿದ ಮೇಲೆ ಅದರ ಮೇಲ್ಭಾಗ ಸಿಹಿ, ಕೆಳಭಾಗ ಇಪ್ಪತ್ತು ದಾಟುತ್ತದೆ. ಅರ್ಜಿದಾರರು ಮೇಲ್ಭಾಗದ ನೀರು ತೋರಿಸಿ "ಇಲ್ಲಿ ಉಪ್ಪೇ ಇಲ್ಲ" ಎನ್ನುತ್ತಾರೆ. ನಾವು ಎರಡೂ ಬದಿಯದ್ದನ್ನು ಬರೆದು, ಕಟ್ಟ ಹಾಕಿದ ತಾರೀಕು ಬರೆಯುತ್ತೇವೆ. ಒಂದು ವರ್ಷ ಕಟ್ಟ ತಡವಾದಾಗ ಮೇಲ್ಭಾಗದಲ್ಲೇ ಒಂಬತ್ತು ಬಂತು, ಆ ಒಂದು ಓದು ಈಗಲೂ ಫೈಲಿನಲ್ಲಿ ಹೋರಾಡುತ್ತಿದೆ.

ಕಾಂಡ್ಲದ (ಮ್ಯಾಂಗ್ರೋವ್) ವಿಷಯದಲ್ಲಿ ಎಲ್ಲರೂ ಕಡಿದದ್ದನ್ನು ಹುಡುಕುತ್ತಾರೆ. ಈಗ ಯಾರೂ ಕಡಿಯುವುದಿಲ್ಲ. ಉಪ್ಪಟ್ಟಿ ಎಂಬ ಜಾತಿಯ ಕಾಂಡ್ಲದ ಉಸಿರುಬೇರುಗಳ ಮೇಲೆ ಒಂದು ಗೇಣು ಮಣ್ಣು ಹರಡಿದರೆ ಮರ ತಾನಾಗಿ ಒಣಗುತ್ತದೆ, ಆಮೇಲೆ "ಸತ್ತ ಮರ" ತೆಗೆಯುತ್ತಾರೆ. ಬೇರು ಎಷ್ಟು ಸೆಂಟಿಮೀಟರ್ ಮೇಲಿದೆ ಎಂಬುದನ್ನು ಸ್ಕೇಲ್ ಇಟ್ಟು ಮೂರು ತಿಂಗಳಿಗೊಮ್ಮೆ ಫೋಟೋ ತೆಗೆಯಿರಿ. ಮರ ಒಣಗುವ ಮೊದಲೇ ಸಾಕ್ಷಿ ಸಿಗುತ್ತದೆ. ಕಾಂಡ್ಲದ ವಿಸ್ತೀರ್ಣ 1000 ಚದರ ಮೀಟರ್ ದಾಟಿದರೆ ಸುತ್ತ 50 ಮೀಟರ್ ಬಫರ್, ಅಂದರೆ ಕಾಪಾಡಬೇಕಾದ ಅಂಚು. ನಮ್ಮ ಲೆಕ್ಕದಲ್ಲಿ ಆ 1000 ಚದರ ಮೀಟರ್ ಇಪ್ಪತ್ತೈದು ಸೆಂಟ್ಸಿಗೆ ತುಸು ಕಡಿಮೆ. ಮೊಬೈಲ್ ಜಿಪಿಎಸ್ ಮರದಡಿ ಐದರಿಂದ ಹತ್ತು ಮೀಟರ್ ತಪ್ಪುತ್ತದೆ, ಇಷ್ಟು ಸಣ್ಣ ಜಾಗಕ್ಕೆ ಅದು ಉಪಯೋಗವಿಲ್ಲ. ಮೂವತ್ತು ಮೀಟರ್ ಟೇಪಿನಲ್ಲಿ ತ್ರಿಕೋನ ಮಾಡಿ ಅಳೆಯಿರಿ. ಆದರೆ 2019ರ ಪ್ರಕಾರ ಖಾಸಗಿ ಜಾಗದ ಕಾಂಡ್ಲಕ್ಕೆ ಬಫರ್ ಇಲ್ಲ. ಆದ್ದರಿಂದ ಪುರಂಬೋಕು (ಸರಕಾರಿ ಜಾಗ) ಎಲ್ಲಿಗೆ ಮುಗಿಯುತ್ತದೆ ಎಂದು ತಾಲೂಕು ಸರ್ವೆಯರಿಂದ ಗುರುತು ಮಾಡಿಸುವ ಖರ್ಚಿನಲ್ಲಿ ಜಿಪುಣತನ ಬೇಡ. ನಾವು ಸೋತ ಒಂದು ಫೈಲು ಸೋತದ್ದು ಅಲ್ಲೇ: ಹಳೆಯ ಸರ್ವೆ ನಂಬರು ಹಾಕಿದ್ದೆವು, ಡೇಟಾ ಬ್ಯಾಂಕಿನಲ್ಲಿ (ಗದ್ದೆ-ಜೌಗು ಜಾಗಗಳ ಸರಕಾರಿ ಪಟ್ಟಿ) ರೀಸರ್ವೆ ನಂಬರಿತ್ತು.

ಕಾಗದ ಹೋಗುವ ದಾರಿ ಹೀಗೆ. ಮಣ್ಣು ಬಿದ್ದ ದಿನವೇ ವಿಲೇಜ್ ಆಫೀಸಿಗೆ, ಕೇರಳದ 2008ರ ಗದ್ದೆ ಮತ್ತು ಜೌಗು ಜಾಗ ಸಂರಕ್ಷಣಾ ಕಾಯ್ದೆಯ ಕೆಳಗೆ. ಅಳಿವೆ, ಹಿನ್ನೀರು, ಕಾಂಡ್ಲ ಎಲ್ಲವೂ ಅದರ ವ್ಯಾಖ್ಯೆಯೊಳಗೇ ಬರುತ್ತವೆ, ಕಲಂ 11 ತುಂಬುವುದನ್ನು ಪೂರ್ತಿ ನಿಷೇಧಿಸುತ್ತದೆ. ಕಟ್ಟಡ ಎದ್ದರೆ ಪಂಚಾಯತು ರಾಜ್ ಕಾಯ್ದೆಯ 235 ಡಬ್ಲ್ಯೂ ಪ್ರಕಾರ ಸೆಕ್ರೆಟರಿಯ ತಾತ್ಕಾಲಿಕ ಆದೇಶ. ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಬೇರೆ ಬೇರೆ ಕೊಡಿ, ಪ್ರತಿಯೊಂದರಲ್ಲೂ ರಿಜಿಸ್ಟರಿನ ಪುಟ ಸಂಖ್ಯೆ ಹಾಕಿ. ಮಣ್ಣು ಬೀಳುವುದು ಎರಡನೇ ಶನಿವಾರ, ಓಣಂ ರಜೆ. ಟಿಪ್ಪರ್ ಬರುವ ಹಿಂದಿನ ದಿನವೇ ನಮಗೆ ಹೇಗೆ ತಿಳಿಯುತ್ತದೆ ಎಂಬುದು ನಮ್ಮಲ್ಲೇ ಇರಲಿ.

ಭಾಷೆ. ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ನಮಗಿದೆ, ಅದನ್ನು ಬಿಡಬೇಡಿ. ಜೊತೆಗೆ ಮಲಯಾಳ ಅನುವಾದವನ್ನು ನೀವೇ ಲಗತ್ತಿಸಿ, ಇಲ್ಲವಾದರೆ ಫೈಲು ಅನುವಾದಕ್ಕೆಂದು ತಿಂಗಳುಗಟ್ಟಲೆ ಕೂರುತ್ತದೆ. ಒಮ್ಮೆ ಕೊರೆತಕ್ಕೆ "ಕಡಲಾಕ್ರಮಣಂ" ಎಂದು ಬರೆದದ್ದರಿಂದ ನಮ್ಮ ಫೈಲು ಪರಿಹಾರದ ವಿಭಾಗಕ್ಕೆ ಹೋಗಿ ಅಲ್ಲೇ ಮುಗಿಯಿತು. "ತೀರಶೋಷಣಂ" (ದಂಡೆ ಸವೆತ) ಎಂದು ಬರೆದದ್ದು ಸರಿಯಾದ ಮೇಜಿಗೆ ಹೋಯಿತು.

ಇದರ ನಡುವೆ ಕೊರೆಯುವ ದಂಡೆಗೆ ಗಿಡ ನೆಟ್ಟೂ ನೋಡಿದೆವು. ಇನ್ನೊಂದು ಜಾತಿಯ ಕಾಂಡ್ಲವಾದ ರೈಜೋಫೊರಾದ ಐನೂರು ಮೊಳಕೆ ಕೋಡುಗಳನ್ನು ನೇರ ಕೆಸರಿಗೆ ಚುಚ್ಚಿದ್ದರಲ್ಲಿ ಒಂದು ವರ್ಷಕ್ಕೆ ಉಳಿದದ್ದು ಅರುವತ್ತೋ ಎಪ್ಪತ್ತೋ. ತೇಲಿ ಬಂದ ಪ್ಲಾಸ್ಟಿಕ್ ಸುತ್ತಿಕೊಂಡು ಬಿದ್ದವು, ಕೆಲವನ್ನು ದನ ಮೇಯ್ದವು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಆರು ತಿಂಗಳು ಬೆಳೆಸಿ, ನರ್ಸರಿಯಲ್ಲೇ ಉಪ್ಪುನೀರು ಕುಡಿಸಿ ನೆಟ್ಟ ಉಪ್ಪಟ್ಟಿ ಅರ್ಧಕ್ಕಿಂತ ಹೆಚ್ಚು ಹಿಡಿದವು. ತೊಳಿಲುರಪ್ಪಿನಲ್ಲಿ (ಉದ್ಯೋಗ ಖಾತ್ರಿ ಕೆಲಸ) ಹಾಸಿದ ಕಯರ್ ಭೂವಸ್ತ್ರ, ಅಂದರೆ ತೆಂಗಿನ ನಾರಿನ ಬಲೆಬಟ್ಟೆ, ಚದರ ಮೀಟರಿಗೆ ಅರುವತ್ತೈದು ಎಪ್ಪತ್ತು ರೂಪಾಯಿಯದ್ದು, ಎರಡು ಮಳೆಗಾಲ ಬಾಳಿತು. ಮೇಲಿನ ಅಂಚನ್ನು ಒಂದಡಿ ಚರಂಡಿ ತೋಡಿ ಹೂಳದಿದ್ದ ಕಡೆ ಮೊದಲ ನೆರೆಗೇ ಸುತ್ತಿಕೊಂಡು ಹೋಯಿತು. ಬಿದಿರ ಗೂಟ ಮೀಟರಿಗೊಂದು ಸಾಲದು, ಎರಡಡಿಗೊಂದು ಬೇಕು. ಒಳಗೆ ಗಿಡ ಹಿಡಿದಲ್ಲಿ ಬಟ್ಟೆ ಕೊಳೆತ ಮೇಲೂ ದಂಡೆ ನಿಂತಿದೆ, ಹಿಡಿಯದಲ್ಲಿ ಕಳೆದ ಮೇಯಲ್ಲಿ ಅಳೆದಾಗ ಮತ್ತೆ ಒಂದು ಮೀಟರ್ ಹೋಗಿತ್ತು. ಈ ವರ್ಷ ಅಲ್ಲಿ ಮೊದಲು ಗಿಡ, ಆಮೇಲೆ ಬಟ್ಟೆ ಎಂದು ತಿರುಗಿಸಿ ಮಾಡುತ್ತಿದ್ದೇವೆ. ಲೆಕ್ಕ ಬರುವುದು ಮುಂದಿನ ಮೇ ಅಮಾವಾಸ್ಯೆಗೆ.